ಇಲ್ಲದ ಊರನ್ನು ತೋರಿಸುವವರು: ಬುಕಾರೆಸ್ಟಿನ ಕಮ್ಯುನಿಸ್ಟ್ ಕಾಲದ ಗುರುತುಗಳ ನಡುವೆ

ರೊಮೇನಿಯಾದ ರಾಜಧಾನಿ ಬುಕಾರೆಸ್ಟ್ ನಗರದ ನಡುಮಧ್ಯೆ, ಸಾಲುಗಟ್ಟಿ ನಿಂತ ಅಪಾರ್ಟ್‌ಮೆಂಟುಗಳ ಬೆನ್ನಿಗೆ ಒಂದು ಚರ್ಚ್ ಇದೆ. ಮುಖ್ಯ ರಸ್ತೆಯಲ್ಲಿ ಹೋಗುವವರಿಗೆ ಅದು ಕಾಣುವುದೇ ಇಲ್ಲ. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ನುಗ್ಗಿ, ಕಾರು ನಿಲ್ಲಿಸುವ ಜಾಗ ದಾಟಿ ತಲೆ ಎತ್ತಿದರೆ ಇಟ್ಟಿಗೆಯ ಗೋಡೆ, ಅದರ ಮೇಲೆ ಗೋಪುರಗಳು. ಸುತ್ತಲಿನ ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ. ನನ್ನನ್ನು ಅಲ್ಲಿಗೆ ಕರೆದೊಯ್ದ ಗೈಡ್ ಐವತ್ತು ದಾಟಿದ ಹೆಂಗಸು. ಗೋಡೆಯ ಬುಡಕ್ಕೆ ಕೈ ತೋರಿಸಿ, "ಈ ಚರ್ಚನ್ನು ಇಲ್ಲಿ ಕಟ್ಟಲಿಲ್ಲ. ಇದು ಇಲ್ಲಿಗೆ ನಡೆದು ಬಂತು" ಎಂದರು.

ಮಾತು ನಿಜ. ಮಿಹಾಯಿ ವೋಡ ಎಂಬ ಈ ಚರ್ಚನ್ನು 16ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು ಪಕ್ಕದ ಗುಡ್ಡದ ಮೇಲೆ. 1980ರ ದಶಕದಲ್ಲಿ ಆ ಗುಡ್ಡ ಸರ್ಕಾರಕ್ಕೆ ಬೇಕಾಯಿತು. ಚರ್ಚಿನ ಸುತ್ತ ಇದ್ದ ಮಠದ ಕಟ್ಟಡಗಳನ್ನು ಕೆಡವಿದರು. ಚರ್ಚ್ ಉಳಿದದ್ದು ಎಯುಜೆನಿಯು ಯೊರ್ದಕೆಸ್ಕು ಎಂಬ ಸಿವಿಲ್ ಎಂಜಿನಿಯರ್‌ನಿಂದ. ಅವರ ಉಪಾಯ ಹೀಗಿತ್ತು: ಗೋಡೆಗಳ ಕೆಳಗೆ ಅಗೆಯುತ್ತಾ ಹೋಗಿ ಅಲ್ಲಿ ಉಕ್ಕಿನ ಸರಳು ಹಾಕಿದ ಕಾಂಕ್ರೀಟಿನ ದೊಡ್ಡದೊಂದು ತಟ್ಟೆ ಎರಕ ಹೊಯ್ಯುವುದು, ಕಟ್ಟಡವನ್ನು ಹಳೆಯ ಬುನಾದಿಯಿಂದ ಬಿಡಿಸಿ ಆ ತಟ್ಟೆಯ ಮೇಲೆ ಕೂರಿಸುವುದು, ತಟ್ಟೆಯನ್ನು ಹಳಿಗಳ ಮೇಲೆ ಇಂಚಿಂಚಾಗಿ ಸರಿಸುವುದು. 1985ರಲ್ಲಿ ಮಿಹಾಯಿ ವೋಡ ಹೀಗೆ 289 ಮೀಟರ್ ಸರಿಯಿತು, ಇಳಿಜಾರಿನಲ್ಲಿ ಕೆಳಗೂ ಇಳಿಯಿತು. ಹೋಟೆಲಿನ ಮಾಣಿಯೊಬ್ಬ ತುಂಬಿದ ಲೋಟಗಳ ತಟ್ಟೆಯನ್ನು ತುಳುಕಿಸದೆ ಹೊತ್ತು ಹೋಗುವುದನ್ನು ಕಂಡಾಗ ಈ ಯೋಚನೆ ಹೊಳೆಯಿತೆಂದು ಯೊರ್ದಕೆಸ್ಕು ಆಮೇಲೆ ಹೇಳಿಕೊಂಡಿದ್ದರು.

ಆ ಗೋಡೆಯ ಮುಂದೆ ನಿಂತಾಗಲೇ ನನಗೆ ಗೊತ್ತಾಗಿದ್ದು, ಈ ಊರಿನ ಕಮ್ಯುನಿಸ್ಟ್ ಕಾಲವನ್ನು ನೋಡುವುದು ಎಂದರೆ ಎದ್ದು ನಿಂತ ಕಟ್ಟಡಗಳಷ್ಟೇ ಗಮನವಿಟ್ಟು ಇಲ್ಲವಾದ ಬೀದಿಗಳನ್ನೂ ನೋಡುವುದು. ಇರುವುದನ್ನು ಫೋನಿನ ಮ್ಯಾಪ್ ತೋರಿಸುತ್ತದೆ. ಇಲ್ಲದ್ದನ್ನು ತೋರಿಸಲು ಅಲ್ಲಿ ಬಾಳಿದವರೊಬ್ಬರು ಜೊತೆಗೆ ಬೇಕು. ಐವತ್ತು ಜನರ ಗುಂಪಿನ ಹಿಂದೆ, ಎತ್ತಿ ಹಿಡಿದ ಕೊಡೆಯನ್ನು ನೋಡಿಕೊಂಡು ನಡೆಯುವ ಪ್ರವಾಸದಲ್ಲಿ ಅದು ಸಿಗುವುದಿಲ್ಲ. ಒಂದು ಇಡೀ ದಿನ ಒಬ್ಬ ಗೈಡ್ ನಮಗಾಗಿಯೇ ಇದ್ದರೆ ಏನು ಸಿಗುತ್ತದೆ, ಯಾವ ಜಾಗವನ್ನು ಹೇಗೆ ನೋಡಬೇಕು ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ರೊಮೇನಿಯಾ ಸೋವಿಯತ್ ಒಕ್ಕೂಟದ ಹಿಡಿತಕ್ಕೆ ಬಂತು. 1947ರ ಡಿಸೆಂಬರ್ 30ರಂದು ದೊರೆ ಮಿಹಾಯಿಯಿಂದ ಬಲವಂತವಾಗಿ ಪದತ್ಯಾಗ ಮಾಡಿಸಿದರು. ಮೊದಲ ಹದಿನೆಂಟು ವರ್ಷ ಗೆಯೋರ್ಗೆ ಗೆಯೋರ್ಗಿಯು-ದೇಜ್ ಆಳಿದರು. 1965ರಲ್ಲಿ ಅವರು ತೀರಿಕೊಂಡಾಗ ಪಕ್ಷದ ಚುಕ್ಕಾಣಿ ಹಿಡಿದವರು ನಿಕೊಲಾಯೆ ಚೌಷೆಸ್ಕು. ಊರಿನಲ್ಲಿ ನೀವು ನೋಡುವ ಕಟ್ಟಡಗಳೂ ಈ ಎರಡು ಕಾಲಗಳಿಗೆ ಸೇರಿದವು. ಮೊದಲನೆಯ ಕಾಲಕ್ಕೆ ಮಾದರಿ ಮಾಸ್ಕೋ. ಎರಡನೆಯ ಕಾಲಕ್ಕೆ ಮಾದರಿ, ತುಸು ವಿಚಿತ್ರವೆನಿಸಬಹುದು, ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್.

ಮಾಸ್ಕೋ ಮಾದರಿಯನ್ನು ನೋಡಲು ಊರಿನ ಉತ್ತರದ ಅಂಚಿಗೆ ಹೋಗಬೇಕು. ಅಲ್ಲಿ ಒಂದು ದೊಡ್ಡ ವೃತ್ತದ ಎದುರು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಕಟ್ಟಡವೊಂದಿದೆ. 1950ರ ದಶಕದಲ್ಲಿ ಕಟ್ಟಿದ್ದು. ಹೆಸರು ಕಾಸಾ ಸ್ಕಂತೆಯಿ, ಅಂದರೆ 'ಕಿಡಿ'ಯ ಮನೆ. 'ಕಿಡಿ' ಪಕ್ಷದ ದಿನಪತ್ರಿಕೆಯ ಹೆಸರು. ದೇಶದ ಪತ್ರಿಕೆಗಳ ಬಹುಭಾಗ ಅಚ್ಚಾಗುತ್ತಿದ್ದದ್ದು ಇಲ್ಲೇ. ಮಾಸ್ಕೋ ವಿಶ್ವವಿದ್ಯಾಲಯದ ಕಟ್ಟಡವನ್ನು ನೋಡಿದವರಿಗೆ ಇದು ಅದರ ತಮ್ಮನಂತೆ ಕಾಣುತ್ತದೆ. ಈಗ ಹೆಸರು 'ಸ್ವತಂತ್ರ ಪತ್ರಿಕಾ ಭವನ'. ಆದರೆ ಗೋಡೆಯ ಕೆತ್ತನೆಯಲ್ಲಿ ಕುಡುಗೋಲು ಸುತ್ತಿಗೆ ಹಾಗೆಯೇ ಇವೆ. ಎದುರಿನ ಪೀಠದ ಮೇಲೆ 1960ರಿಂದ ಲೆನಿನ್ ನಿಂತಿದ್ದ. 1990ರಲ್ಲಿ ಅವನನ್ನು ಕ್ರೇನಿನಲ್ಲಿ ಇಳಿಸಿದರು. 2016ರಿಂದ ಅಲ್ಲಿ ಕಮ್ಯುನಿಸ್ಟ್ ಆಡಳಿತವನ್ನು ಎದುರಿಸಿದವರ ನೆನಪಿಗಾಗಿ ಮೂರು ರೆಕ್ಕೆಗಳ ಸ್ಮಾರಕವಿದೆ. ಈ ಜಾಗಕ್ಕೆ ಅರ್ಧ ಗಂಟೆ ಸಾಕು.

ಚೌಷೆಸ್ಕು ಕಾಲ ಅಷ್ಟು ಬೇಗ ಮುಗಿಯುವ ಮಾತಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ನನ್ನ ಗೈಡ್ ನನ್ನನ್ನು ಮೊದಲು ಕರೆದೊಯ್ದದ್ದು ಕ್ರಾಂತಿ ಚೌಕಕ್ಕೆ. ಅಲ್ಲಿ ಪಕ್ಷದ ಕೇಂದ್ರ ಸಮಿತಿಯ ಹಳೆಯ ಕಚೇರಿ ಇದೆ, ಈಗ ಅದು ಗೃಹ ಸಚಿವಾಲಯ. ಮುಂಬಾಗಿಲ ಮೇಲೆ ಒಂದು ಬಾಲ್ಕನಿ. ಅಷ್ಟೊಂದು ಕೇಳಿದ್ದ ಬಾಲ್ಕನಿ ಇಷ್ಟು ಕೆಳಗಿದೆಯೇ, ಇಷ್ಟು ಚಿಕ್ಕದೇ ಎನಿಸಿತು. ಚೌಕದಲ್ಲಿ ನಿಂತವರಿಗೆ ಮೇಲಿದ್ದವನ ಮುಖ ಚೆನ್ನಾಗಿ ಕಾಣುವಷ್ಟು ಹತ್ತಿರ.

"ಇದನ್ನು ಎರಡು ಸಲ ನೋಡಿ" ಎಂದರು ಅವರು. ಮೊದಲ ಸಲ 1968ರ ಆಗಸ್ಟ್ 21ಕ್ಕೆ. ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾದ ಪ್ರಾಗ್ ನಗರಕ್ಕೆ ನುಗ್ಗಿದ ದಿನವದು. ಚೌಷೆಸ್ಕು ಈ ಬಾಲ್ಕನಿಗೆ ಬಂದು ಆ ದಾಳಿಯನ್ನು ಬಹಿರಂಗವಾಗಿ ಖಂಡಿಸಿದರು. ಜನ ನಿಜವಾಗಿಯೂ ಹೆಮ್ಮೆಯಿಂದ ಚಪ್ಪಾಳೆ ತಟ್ಟಿದರು. ಪಶ್ಚಿಮದ ದೇಶಗಳೂ ಅವರನ್ನು ಮೆಚ್ಚಿ ತಲೆ ಮೇಲೆ ಕೂರಿಸಿಕೊಂಡವು. ಮರುವರ್ಷವೇ ಅಮೆರಿಕದ ಅಧ್ಯಕ್ಷ ನಿಕ್ಸನ್ ಬುಕಾರೆಸ್ಟಿಗೆ ಬಂದರು. ಸಾಲ ಸಿಕ್ಕಿತು, ತಂತ್ರಜ್ಞಾನ ಸಿಕ್ಕಿತು. ಈ ಭಾಗವನ್ನು ಬಿಟ್ಟು ನೇರವಾಗಿ ಕೊನೆಗೆ ಜಿಗಿಯುವ ಗೈಡ್‌ಗಳಿದ್ದಾರೆ. ಆದರೆ ಈ ಮೊದಲ ಚಪ್ಪಾಳೆ ಗೊತ್ತಿಲ್ಲದಿದ್ದರೆ ಇಪ್ಪತ್ತು ವರ್ಷ ಆ ಮನುಷ್ಯ ಹೇಗೆ ಉಳಿದ ಎಂಬುದು ತಿಳಿಯುವುದಿಲ್ಲ.

ಎರಡನೇ ಸಲ 1989ರ ಡಿಸೆಂಬರ್ 21ಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ನಡುವೆ ಆದದ್ದನ್ನು ನೋಡದೆ ಅಲ್ಲಿಗೆ ಹೋಗಬಾರದು.

1971ರಲ್ಲಿ ಚೌಷೆಸ್ಕು ದಂಪತಿ ಚೀನಾ, ಉತ್ತರ ಕೊರಿಯಾ, ಮಂಗೋಲಿಯಾ, ಉತ್ತರ ವಿಯೆಟ್ನಾಂ ಸುತ್ತಿ ಬಂದರು. ಯುದ್ಧದಲ್ಲಿ ನೆಲಸಮವಾಗಿದ್ದ ಪ್ಯೊಂಗ್ಯಾಂಗ್ ನಗರವನ್ನು ಸೊನ್ನೆಯಿಂದ ಕಟ್ಟಿದ್ದ ರೀತಿ, ಅಗಲವಾದ ರಸ್ತೆಗಳು, ಒಬ್ಬ ನಾಯಕನಿಗೆ ಇಡೀ ಊರೇ ಕೈಮುಗಿದು ನಿಂತಂತಿದ್ದ ಆ ನೋಟ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಆದರೆ ಬುಕಾರೆಸ್ಟ್ ನೆಲಸಮವಾಗಿರಲಿಲ್ಲ. ಅದು ಹಳೆಯ ಚರ್ಚುಗಳ, ಅಂಗಳದ ಮನೆಗಳ, ಓರೆಕೋರೆ ಗಲ್ಲಿಗಳ ಊರು. ನೆಪ ಒದಗಿಸಿದ್ದು 1977ರ ಮಾರ್ಚ್ 4ರ ರಾತ್ರಿಯ ಭೂಕಂಪ. ದೇಶದಲ್ಲಿ 1,500ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ರಾಜಧಾನಿಯವರು. ಊರನ್ನು ಗಟ್ಟಿಯಾಗಿ ಮತ್ತೆ ಕಟ್ಟಬೇಕೆಂಬ ಮಾತಿಗೆ ಯಾರೂ ಅಡ್ಡ ಹೇಳುವಂತಿರಲಿಲ್ಲ. ಹೊಸ ಕೇಂದ್ರಕ್ಕೆ ಆರಿಸಿದ್ದು ಗಟ್ಟಿ ನೆಲದ ಸ್ಪಿರಿ ಗುಡ್ಡ. ಅದರ ಸುತ್ತ ಇದ್ದ ಉರಾನುಸ್ ಎಂಬ ಬಡಾವಣೆಯನ್ನು ಭೂಕಂಪ ಕೆಡವಿರಲಿಲ್ಲ. ಬುಲ್ಡೋಜರ್ ಕೆಡವಿತು.

ಹಳೆಯ ಊರಿನ ಸುಮಾರು ಐದನೇ ಒಂದು ಭಾಗ ಹೋಯಿತು. ಸುಮಾರು 40,000 ಜನ ಮನೆ ಬಿಟ್ಟರು. ಕೆಲವರಿಗೆ ಸಿಕ್ಕ ಗಡುವು ಕೆಲವೇ ದಿನ. ಇಪ್ಪತ್ತರ ಆಸುಪಾಸು ಚರ್ಚುಗಳು ಬಿದ್ದವು, ಕೆಲವನ್ನು ಮಾತ್ರ ಹಳಿಯ ಮೇಲೆ ಸರಿಸಿ ಉಳಿಸಿದರು. 1838ರಿಂದ ಬಡವರಿಗೆ ಚಿಕಿತ್ಸೆ ಕೊಡುತ್ತಿದ್ದ ಬ್ರಂಕೊವೆನೆಸ್ಕ್ ಆಸ್ಪತ್ರೆಯನ್ನೂ 1984ರಲ್ಲಿ ಉರುಳಿಸಿದರು. ಅದೇ ವರ್ಷದ ಜೂನ್ 25ರಂದು ಗುಡ್ಡದ ಮೇಲೆ ಅಡಿಗಲ್ಲು ಬಿತ್ತು. ಕಟ್ಟಡದ ಹೆಸರು ಕಾಸಾ ಪೊಪೊರುಲುಯಿ, 'ಜನರ ಮನೆ'.

ಈಗ ಅದರ ಹೆಸರು ಸಂಸತ್ ಅರಮನೆ. ಬುಕಾರೆಸ್ಟಿಗೆ ಬಂದವರೆಲ್ಲ ನೋಡುವುದು ಇದನ್ನೇ. ಇದರ ಅಂಕಿ ಅಂಶ ಯಾರು ಕೇಳಿದರೂ ಸಿಗುತ್ತದೆ: 270 ಮೀಟರ್ ಉದ್ದ, 240 ಮೀಟರ್ ಅಗಲ, 84 ಮೀಟರ್ ಎತ್ತರ, ಸಾವಿರಕ್ಕೂ ಹೆಚ್ಚು ಕೋಣೆ, ಒಟ್ಟು ನೆಲ 3,65,000 ಚದರ ಮೀಟರ್. ಆಡಳಿತದ ಕಟ್ಟಡಗಳಲ್ಲಿ ಅಮೆರಿಕದ ಪೆಂಟಗನ್ ಬಿಟ್ಟರೆ ಇದೇ ದೊಡ್ಡದೆಂದು ಬಹುಕಾಲ ಹೇಳುತ್ತಿದ್ದರು. ತೂಕದಲ್ಲಿ ಜಗತ್ತಿನ ಯಾವ ಕಟ್ಟಡವೂ ಇದಕ್ಕೆ ಸಮನಲ್ಲವೆಂದು ಗಿನ್ನೆಸ್ ದಾಖಲೆ ಇದೆ. ಸುಮಾರು 700 ವಾಸ್ತುಶಿಲ್ಪಿಗಳ ತಂಡಕ್ಕೆ ಮುಖ್ಯಸ್ಥೆಯಾಗಿದ್ದ ಆಂಕಾ ಪೆತ್ರೆಸ್ಕು ಆಗಿನ್ನೂ ಮೂವತ್ತರ ಹರೆಯದವರು. ಮೂರು ಪಾಳಿಯಲ್ಲಿ, ಹಗಲು ರಾತ್ರಿ, ಹತ್ತಾರು ಸಾವಿರ ಕೆಲಸಗಾರರು ದುಡಿದರು. ಅವರಲ್ಲಿ ಸೇನೆಗೆ ಕಡ್ಡಾಯವಾಗಿ ಸೇರಿಸಿಕೊಂಡ ಹುಡುಗರೂ ಇದ್ದರು. ಅಮೃತಶಿಲೆ, ಮರ, ಸ್ಫಟಿಕದ ತೂಗುದೀಪ, ರತ್ನಗಂಬಳಿ, ಹೆಚ್ಚುಕಮ್ಮಿ ಎಲ್ಲವೂ ರೊಮೇನಿಯಾದ್ದೇ ಆಗಬೇಕೆಂಬ ಅಪ್ಪಣೆ ಇತ್ತು.

ಒಂದು ಪ್ರಾಯೋಗಿಕ ಮಾತು. ಅರಮನೆಯ ಒಳಗೆ ನಿಮ್ಮ ಖಾಸಗಿ ಗೈಡ್ ವಿವರಣೆ ಕೊಡುವಂತಿಲ್ಲ. ಅಲ್ಲಿ ಅರಮನೆಯದೇ ಗೈಡ್‌ಗಳಿದ್ದಾರೆ. ಮುಂಚಿತವಾಗಿ ಬುಕ್ ಮಾಡಿರಬೇಕು, ಅಸಲಿ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ನೆರಳುಪ್ರತಿ ನಡೆಯುವುದಿಲ್ಲ. ಒಳಗಿನ ಸುತ್ತಿನಲ್ಲಿ ನೋಡಲು ಸಿಗುವುದು ಕಟ್ಟಡದ ಒಂದು ಸಣ್ಣ ಪಾಲು ಮಾತ್ರ. ಅಷ್ಟರಲ್ಲೇ ಕಾಲು ಸೋಲುತ್ತದೆ. ಮೆಟ್ಟಿಲುಗಳನ್ನು ಚೌಷೆಸ್ಕು ಹಲವು ಸಲ ಒಡೆಸಿ ಮತ್ತೆ ಕಟ್ಟಿಸಿದರೆಂದು, ಅವರ ಎತ್ತರಕ್ಕೂ ಹೆಜ್ಜೆಗೂ ಹೊಂದಬೇಕಿತ್ತೆಂದು ಅಲ್ಲಿ ಹೇಳುತ್ತಾರೆ. ಕೊನೆಗೆ ಬಾಲ್ಕನಿಗೆ ಕರೆದೊಯ್ಯುತ್ತಾರೆ. ಕೆಳಗೆ ನೇರವಾಗಿ ಚಾಚಿದ ರಸ್ತೆ. ಆ ಬಾಲ್ಕನಿಯಿಂದ ಚೌಷೆಸ್ಕು ಒಂದು ಸಲವೂ ಭಾಷಣ ಮಾಡಲಿಲ್ಲ. ಕಟ್ಟಡ ಮುಗಿಯುವ ಮೊದಲೇ ಅವರು ಮುಗಿದಿದ್ದರು.

ಹೊರಗೆ ಬಂದಾಗ ನನ್ನ ಗೈಡ್ ಕಾಯುತ್ತಿದ್ದರು. ನಿಜವಾದ ಪ್ರವಾಸ ಶುರುವಾದದ್ದು ಆಗ. ಅರಮನೆಯಿಂದ ಹೊರಡುವ ಮೂರು ಕಿಲೋಮೀಟರಿಗೂ ಉದ್ದದ ಬೀದಿಗೆ ಈಗ 'ಐಕ್ಯ'ದ ಹೆಸರಿದೆ. ಆಗ ಅದು 'ಸಮಾಜವಾದದ ವಿಜಯ' ಬುಲೆವಾರ್ಡ್. ಪ್ಯಾರಿಸ್ಸಿನ ಹೆಸರಾಂತ ಬೀದಿ ಷಾಂಜೆಲಿಸೆಗಿಂತ ಒಂದು ಮೀಟರಾದರೂ ಅಗಲ ಹೆಚ್ಚಿರಬೇಕೆಂಬ ಹಠವಿತ್ತೆಂದು ಊರಿನವರ ಮಾತು. ಎರಡೂ ಬದಿಗೆ ಅಲಂಕಾರದ ಕಂಬಗಳ ಎತ್ತರದ ಅಪಾರ್ಟ್‌ಮೆಂಟುಗಳು. ಅವುಗಳಿಗೆ ಎರಡು ಕೆಲಸ: ಆಡಳಿತಕ್ಕೆ ಬೇಕಾದವರಿಗೆ ಮನೆ, ಹಿಂದೆ ಉಳಿದ ಹಳೆಯ ಊರು ಕಾಣದಂತೆ ಪರದೆ. ಚರ್ಚುಗಳು ಸಂದಿಯಲ್ಲಿ ಸಿಕ್ಕಿಕೊಂಡದ್ದರ ಕಾರಣ ಇದೇ. ಈ ಪರದೆಯ ಲೆಕ್ಕ ತಿಳಿದ ಮೇಲೆ ಬುಕಾರೆಸ್ಟಿನಲ್ಲಿ ಎಲ್ಲಿ ಸಂದಿ ಕಂಡರೂ ಒಳಗೆ ಇಣುಕಬೇಕೆನಿಸುತ್ತದೆ.

ಬೀದಿಯ ನಡುವಿನ ಕಾರಂಜಿಗಳ ಪಕ್ಕದಲ್ಲಿ ಅವರು ಹೆಜ್ಜೆ ಎಣಿಸುವವರಂತೆ ನಡೆದರು. ಒಂದು ಕಡೆ ನಿಂತು ಪರ್ಸಿನಿಂದ ಕಪ್ಪು ಬಿಳುಪಿನ ಒಂದು ಫೋಟೊ ತೆಗೆದರು. ಅಂಚು ಹಳದಿಯಾಗಿತ್ತು, ಒಂದು ಮೂಲೆ ಮಡಚಿತ್ತು. ಒಂದೇ ಅಂತಸ್ತಿನ ಮನೆ, ಮುಂದೆ ದ್ರಾಕ್ಷಿ ಬಳ್ಳಿಯ ಚಪ್ಪರ, ಚಪ್ಪರದ ಕೆಳಗೆ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿರುವ ಹೆಂಗಸು, ಅವಳ ಕಾಲ ಬಳಿ ಬಿಳಿ ನಾಯಿ. "ನನ್ನ ಚಿಕ್ಕಮ್ಮ" ಎಂದರು. "ನಾವೀಗ ಅವಳ ಅಡುಗೆಮನೆಯಲ್ಲಿ ನಿಂತಿದ್ದೇವೆ, ಇಲ್ಲೇ, ಹೆಚ್ಚೆಂದರೆ ಹತ್ತು ಹೆಜ್ಜೆ ಆಚೆ ಈಚೆ." ನನ್ನ ಕಾಲ ಕೆಳಗೆ ಟಾರು. ಎದುರಿಗೆ ಬಸ್ ನಿಲ್ದಾಣ. ನಾನು ಫೋಟೊವನ್ನೂ ನೆಲವನ್ನೂ ಹಲವು ಸಲ ನೋಡಿದೆ.

ಚಿಕ್ಕಮ್ಮನಿಗೆ ಊರಿನ ಹೊರಗೆ ಎಂಟನೇ ಮಹಡಿಯಲ್ಲಿ ಫ್ಲ್ಯಾಟ್ ಸಿಕ್ಕಿತು. ನಾಯಿಯನ್ನು ಕರೆದುಕೊಂಡು ಹೋಗಲಾಗಲಿಲ್ಲ. ಹೀಗೆ ಅಂಗಳದ ಮನೆಗಳಿಂದ ಫ್ಲ್ಯಾಟುಗಳಿಗೆ ಹೋದ ಸಾವಿರಾರು ಕುಟುಂಬಗಳು ನಾಯಿಗಳನ್ನು ಬೀದಿಯಲ್ಲಿ ಬಿಟ್ಟವು. ಮುಂದೆ ದಶಕಗಳ ಕಾಲ ಬುಕಾರೆಸ್ಟ್ ಯುರೋಪಿನಲ್ಲೆಲ್ಲ ಬೀದಿನಾಯಿಗಳ ಊರೆಂದು ಹೆಸರಾಗಿದ್ದರ ಬೇರು ಅಲ್ಲಿದೆ. ಬೀದಿನಾಯಿ ಎಂದರೆ ನಮಗೆ ಹೊಸತಲ್ಲ. ಆದರೆ ಒಂದು ಊರಿನ ಬೀದಿನಾಯಿಗಳ ವಂಶ ಕೆಡವಿದ ಮನೆಗಳವರೆಗೆ ಹೋಗುತ್ತದೆ ಎಂಬುದನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ.

ಫ್ಲ್ಯಾಟುಗಳ ಬಗ್ಗೆ ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ದ್ರುಮುಲ್ ತಬೆರೆಯಿ, ತಿತಾನ್, ಬೆರ್ಚೇನಿ ಮುಂತಾದ ಬಡಾವಣೆಗಳಲ್ಲಿ ಸಾಲು ಸಾಲಾಗಿ ಎದ್ದ ಕಾಂಕ್ರೀಟಿನ 'ಬ್ಲಾಕ್'ಗಳನ್ನು ಪ್ರವಾಸಿಗರು ಬೂದು ಬಣ್ಣದ ಪೆಟ್ಟಿಗೆಗಳೆಂದು ಮೂಗು ಮುರಿಯುವುದುಂಟು. ಹಳ್ಳಿಯಿಂದ ಕಾರ್ಖಾನೆಗೆ ದುಡಿಯಲು ಬಂದ ಲಕ್ಷಾಂತರ ಜನರಿಗೆ ಮನೆಯೊಳಗೆ ನಲ್ಲಿ ನೀರು, ಬಚ್ಚಲು, ಬಿಸಿನೀರು ಮೊದಲ ಸಲ ಸಿಕ್ಕಿದ್ದು ಅಲ್ಲೇ. 60ರ, 70ರ ದಶಕದ ಬ್ಲಾಕುಗಳ ನಡುವೆ ಮರಗಳಿವೆ, ಶಾಲೆಗಳಿವೆ, ಬೆಂಚುಗಳಿವೆ. ನನ್ನ ಗೈಡ್ ತಾಯಿ ಇವತ್ತಿಗೂ ಅಂಥ ಒಂದು ಫ್ಲ್ಯಾಟಿನಲ್ಲಿದ್ದಾರೆ. ಅದನ್ನು ಬಿಟ್ಟು ಬರಲು ಅವರು ಒಪ್ಪುವುದಿಲ್ಲವಂತೆ. ಕೆಲಸ ಇತ್ತು, ಮನೆ ಇತ್ತು ಎನ್ನುವ ಹಿರಿಯರು ಈ ಊರಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವರ ಮಾತನ್ನು ಅರ್ಧಕ್ಕೆ ತಡೆಯದ ಗೈಡ್ ಸಿಕ್ಕರೆ ನಿಮ್ಮ ಪುಣ್ಯ.

ಆ ಮನೆಗಳೇ 80ರ ದಶಕದಲ್ಲಿ ಕೊರೆಯತೊಡಗಿದವು. 70ರ ದಶಕದಲ್ಲಿ ಉಕ್ಕು, ತೈಲ ಸಂಸ್ಕರಣೆ ಎಂದು ಭಾರೀ ಉದ್ಯಮಗಳಿಗೆ ಪಶ್ಚಿಮದಿಂದ ತಂದ ಸಾಲ 1981ರ ಹೊತ್ತಿಗೆ 1,000 ಕೋಟಿ ಡಾಲರ್ ದಾಟಿತ್ತು. ತೈಲದ ಬೆಲೆ ಏರಿತು, ಬಡ್ಡಿಯೂ ಏರಿತು. ಯಾರ ಹಂಗೂ ಬೇಡ, ಪೂರ್ತಿ ತೀರಿಸಿಬಿಡೋಣ ಎಂದು ಚೌಷೆಸ್ಕು ತೀರ್ಮಾನಿಸಿದರು. ದಾರಿ ಒಂದೇ: ಬೆಳೆದದ್ದನ್ನೆಲ್ಲ ಹೊರಕ್ಕೆ ಮಾರುವುದು, ಒಳಗೆ ಬೇಕಾದ್ದನ್ನು ತರಿಸದಿರುವುದು. ಬ್ರೆಡ್, ಎಣ್ಣೆ, ಸಕ್ಕರೆಗೆ ಕಾರ್ಡು ಬಂತು. ಚಳಿಗಾಲದಲ್ಲಿ ಮನೆಗಳ ಹೀಟರು ಕೈ ಇಟ್ಟರೆ ಬೆಚ್ಚಗೆ ಎನಿಸುವಷ್ಟೂ ಇರುತ್ತಿರಲಿಲ್ಲ. ಟಿವಿ ದಿನಕ್ಕೆ ಎರಡು ಗಂಟೆ, ಅದರಲ್ಲೂ ಹೆಚ್ಚಿನದು ನಾಯಕರ ಸುದ್ದಿ. ಬುಕಾರೆಸ್ಟಿನ ಜನ ಛಾವಣಿಯ ಮೇಲೆ ಆಂಟೆನಾ ತಿರುಗಿಸಿ ಪಕ್ಕದ ಬಲ್ಗೇರಿಯಾದ ಟಿವಿ ನೋಡುತ್ತಿದ್ದರು. ಭಾನುವಾರ ಸಮ ಸಂಖ್ಯೆಯ ಕಾರು ಒಂದು ವಾರ, ಬೆಸ ಸಂಖ್ಯೆಯದು ಇನ್ನೊಂದು ವಾರ ಓಡಬೇಕು.

ಮಾಂಸದ ಅಂಗಡಿಯಲ್ಲಿ ಉಳಿಯುತ್ತಿದ್ದದ್ದು ಹಂದಿಯ ಕಾಲು. ಮಿಕ್ಕದ್ದು ರಫ್ತಿಗೆ. ಆ ಕಾಲುಗಳಿಗೆ ಜನ 'ಅದಿದಾಶ್' ಎಂದು ಹೆಸರಿಟ್ಟಿದ್ದರು, ಅಡಿಡಾಸ್ ಬೂಟುಗಳ ನೆನಪಿಗೆ. ನನ್ನ ಗೈಡ್ ಶಾಲೆಗೆ ಹೋಗುವ ಮುನ್ನ, ನಸುಕಿನಲ್ಲಿ, ಹಾಲಿನ ಸಾಲಿನಲ್ಲಿ ಖಾಲಿ ಬಾಟಲಿಗಳ ಚೀಲವನ್ನಿಟ್ಟು ಬರುತ್ತಿದ್ದರು. ಚೀಲವೇ ಅವರ ಜಾಗ. ಹಿಂದೆ ಬಂದವರು ಆ ಚೀಲವನ್ನು ಮುಂದೆ ಸರಿಸುತ್ತಾ ಹೋಗುತ್ತಿದ್ದರು, ಯಾರೂ ಅದನ್ನು ಪಕ್ಕಕ್ಕೆ ಎಸೆಯುತ್ತಿರಲಿಲ್ಲ. "ನಮ್ಮ ನಡುವೆ ಪೊಲೀಸರಿಗೆ ಸುದ್ದಿ ಮುಟ್ಟಿಸುವವರಿದ್ದರು, ನಿಜ. ಆದರೆ ನನ್ನ ಚೀಲ ಯಾವತ್ತೂ ಕಳೆದುಹೋಗಲಿಲ್ಲ" ಎಂದರು. ಈ ಎರಡೂ ಮಾತನ್ನು ಅವರು ಒಂದೇ ಉಸಿರಿನಲ್ಲಿ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಆಹಾರವೇ ಇಲ್ಲದ ಆ ದಿನಗಳಲ್ಲಿ ಊರಿನ ಹಲವೆಡೆ ಗುಮ್ಮಟ ಹೊತ್ತ ಬೃಹತ್ ಆಹಾರ ಮಳಿಗೆಗಳನ್ನು ಕಟ್ಟಲು ಶುರು ಮಾಡಿದರು. ಜನ ಅವನ್ನು ಕರೆದದ್ದು 'ಹಸಿವಿನ ಸರ್ಕಸ್' ಎಂದು. ಬಹುತೇಕ ಅರ್ಧಕ್ಕೇ ನಿಂತವು. ವಿತಾನ್ ಎಂಬಲ್ಲಿ ನಿಂತುಹೋಗಿದ್ದ ಒಂದರ ಅಸ್ಥಿಪಂಜರದ ಮೇಲೆಯೇ 1999ರಲ್ಲಿ ಬುಕಾರೆಸ್ಟ್ ಮಾಲ್ ಎದ್ದಿತು. ಅಲ್ಲಿ ಕಾಫಿ ಕುಡಿಯುವ ಎಳೆಯರಿಗೆ ತಲೆ ಮೇಲಿನ ಗುಮ್ಮಟ ಯಾಕಿದೆ ಎಂದು ಹೇಳುವ ಫಲಕವೇನೂ ನನಗೆ ಕಾಣಲಿಲ್ಲ.

ಈ ಕಾಲದ ಅತಿ ಕ್ರೂರ ಗುರುತಿಗೆ ಕಟ್ಟಡವೇ ಇಲ್ಲ. ಅದು 1966ರ 770ನೇ ಆಜ್ಞೆ. ಕಾರ್ಖಾನೆಗಳಿಗೆ ಕೈಗಳು ಬೇಕು, ಜನಸಂಖ್ಯೆ ಬೆಳೆಯಬೇಕು ಎಂದು ಗರ್ಭಪಾತವನ್ನು, ಕೆಲವೇ ವಿನಾಯಿತಿ ಬಿಟ್ಟು, ನಿಷೇಧಿಸಿದರು. ಗರ್ಭನಿರೋಧಕಗಳೂ ಸಿಗದಂತಾದವು. 1966ರಲ್ಲಿ ಸುಮಾರು 2.74 ಲಕ್ಷವಿದ್ದ ಹೆರಿಗೆಗಳು 1967ರಲ್ಲಿ 5.28 ಲಕ್ಷಕ್ಕೆ ಏರಿದವು. ಮುಂದಿನ ವರ್ಷಗಳಲ್ಲಿ ಕದ್ದುಮುಚ್ಚಿ ಗರ್ಭ ತೆಗೆಸಿಕೊಳ್ಳಲು ಹೋಗಿ ಸಾವಿರಾರು ಹೆಂಗಸರು ಸತ್ತರು. ಆಸ್ಪತ್ರೆಗೆ ಬಂದವರ ಹಾಸಿಗೆಯ ಪಕ್ಕದಲ್ಲೇ ವಿಚಾರಣೆ ನಡೆಯುತ್ತಿತ್ತು. ಆ ವರ್ಷಗಳಲ್ಲಿ ಹುಟ್ಟಿದವರಿಗೆ ರೊಮೇನಿಯನ್ ಭಾಷೆಯಲ್ಲಿ ಒಂದು ಹೆಸರೇ ಇದೆ, 'ದೆಕ್ರೆತ್ಸೆಯ್', ಆಜ್ಞೆಯ ಮಕ್ಕಳು. ನನ್ನ ಗೈಡ್ ಹುಟ್ಟಿದ್ದು 1967ರಲ್ಲಿ. "ನಾನೂ ಒಬ್ಬಳು" ಎಂದು ಮಾತ್ರ ಹೇಳಿ ನಡೆದರು. ಅವರ ತರಗತಿಯಲ್ಲಿ ಮಕ್ಕಳಿಗೆ ಬೆಂಚು ಸಾಲದೆ ಶಾಲೆ ಪಾಳಿಗಳಲ್ಲಿ ನಡೆಯುತ್ತಿತ್ತಂತೆ.

ಲೆಕ್ಕ ಹಾಕಿ ನೋಡಿ. 1967ರಲ್ಲಿ ಹುಟ್ಟಿದವರಿಗೆ 1989ರಲ್ಲಿ ಇಪ್ಪತ್ತೆರಡು.

ಈಗ ಮತ್ತೆ ಆ ಬಾಲ್ಕನಿಗೆ ಬರೋಣ. 1989ರ ಡಿಸೆಂಬರ್ ನಡುವಿನಲ್ಲಿ ಪಶ್ಚಿಮದ ತಿಮಿಶ್ವಾರ ನಗರದಲ್ಲಿ ಜನ ದಂಗೆ ಎದ್ದಿದ್ದರು, ಸೇನೆ ಗುಂಡು ಹಾರಿಸಿತ್ತು. ತನ್ನ ಹಿಂದೆ ಜನ ಇದ್ದಾರೆಂದು ತೋರಿಸಲು ಚೌಷೆಸ್ಕು 21ರಂದು ಕಾರ್ಖಾನೆಗಳಿಂದ ಜನರನ್ನು ಬಸ್ಸಿನಲ್ಲಿ ಕರೆತಂದು ಸಭೆ ಮಾಡಿದರು. ಟಿವಿಯಲ್ಲಿ ನೇರ ಪ್ರಸಾರ. ಮಾತಿನ ನಡುವೆ ಚೌಕದ ಒಂದು ಕಡೆಯಿಂದ ಗಲಾಟೆ, ಕೂಗು ಕೇಳಿಸಿತು. ಅವರು ಮಾತು ನಿಲ್ಲಿಸಿ ಬಲಗೈ ಎತ್ತಿದರು. 'ಅಲೋ, ಅಲೋ' ಎಂದು ಮೈಕಿನಲ್ಲಿ ಕರೆದರು. ಆ ಕೆಲವು ಕ್ಷಣಗಳಲ್ಲಿ ಅವರ ಮುಖದ ಮೇಲಿನ ಗೊಂದಲವನ್ನು ಇಡೀ ದೇಶ ಮನೆಯಲ್ಲಿ ಕೂತು ನೋಡಿತು. ಸಂಬಳ ಏರಿಸುತ್ತೇನೆ ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಮರುದಿನ ಮಧ್ಯಾಹ್ನ ಅದೇ ಕಟ್ಟಡದ ಛಾವಣಿಯಿಂದ ಹೆಂಡತಿ ಎಲೆನಾ ಜೊತೆ ಹೆಲಿಕಾಪ್ಟರಿನಲ್ಲಿ ಪರಾರಿಯಾದರು. 25ರಂದು ತರ್ಗೊವಿಷ್ಟೆಯ ಸೇನಾ ನೆಲೆಯಲ್ಲಿ ಅವಸರದ ವಿಚಾರಣೆ ನಡೆಸಿ ಇಬ್ಬರನ್ನೂ ಗುಂಡಿಟ್ಟು ಕೊಂದರು. 770ನೇ ಆಜ್ಞೆಯನ್ನು ಹೊಸ ಸರ್ಕಾರ ಮರುದಿನವೇ ರದ್ದು ಮಾಡಿತು.

ಆ ದಿನಗಳಲ್ಲಿ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಸತ್ತದ್ದು ಚೌಷೆಸ್ಕು ಓಡಿಹೋದ ನಂತರದ ಗುಂಡಿನ ಚಕಮಕಿಯಲ್ಲಿ. ಚೌಕದ ವಿಶ್ವವಿದ್ಯಾಲಯ ಗ್ರಂಥಾಲಯ ಹೊತ್ತಿ ಉರಿದು ಸುಮಾರು ಐದು ಲಕ್ಷ ಪುಸ್ತಕಗಳು ಬೂದಿಯಾದವು. ಈಗ ಚೌಕದಲ್ಲಿ 25 ಮೀಟರ್ ಎತ್ತರದ ಬಿಳಿ ಸೂಜಿಯಂಥ ಸ್ಮಾರಕವಿದೆ. ಊರಿನವರಿಗೆ ಅದು ಹಿಡಿಸಿಲ್ಲ, ಕಡ್ಡಿಗೆ ಚುಚ್ಚಿದ ಆಲೂಗಡ್ಡೆ ಎನ್ನುತ್ತಾರೆ. ನಾನು ಅಲ್ಲಿ ಹೆಚ್ಚು ಹೊತ್ತು ನೋಡಿದ್ದು ಸುತ್ತಲಿನ ಗೋಡೆಯ ಮೇಲಿನ ಹೆಸರುಗಳನ್ನು.

ಚೌಷೆಸ್ಕು ಕುಟುಂಬ ಇಪ್ಪತ್ತೈದು ವರ್ಷದಷ್ಟು ಕಾಲ ಇದ್ದ ಪ್ರಿಮವೆರಿ ಅರಮನೆ 2016ರಿಂದ ಸಾರ್ವಜನಿಕರಿಗೆ ತೆರೆದಿದೆ. ಚಿನ್ನದ ಬಣ್ಣದ ಬಚ್ಚಲುಮನೆ, ಮೊಸಾಯಿಕ್ ಹಾಕಿದ ಈಜುಕೊಳ, ತೋಟದಲ್ಲಿ ನವಿಲು. ಎಲ್ಲರೂ ಫೋಟೊ ತೆಗೆದುಕೊಳ್ಳುವುದು ಬಚ್ಚಲುಮನೆಯಲ್ಲಿ. ಇಲ್ಲಿಗೆ ಹಾಲಿನ ಸಾಲಿನ ಕತೆ ಕೇಳಿದ ಮೇಲೆ ಬನ್ನಿ, ಮೊದಲು ಬೇಡ. ಆ ಈಜುಕೊಳದ ನೀರು ಬೆಚ್ಚಗಿತ್ತು ಎಂಬುದು ಆಗ ಬೇರೆಯಾಗಿಯೇ ಕೇಳಿಸುತ್ತದೆ.

ಬರೀ ಮೆಟ್ರೊ ಟಿಕೆಟ್ಟಿನಲ್ಲಿ ನೋಡಬಹುದಾದ ಒಂದು ಜಾಗ ಭೂಮಿಯ ಕೆಳಗಿದೆ. ಬುಕಾರೆಸ್ಟ್ ಮೆಟ್ರೊ 1979ರಲ್ಲಿ ಶುರುವಾಯಿತು. ಅದರ ಪಿಯಾತ್ಸಾ ರೊಮಾನಾ ನಿಲ್ದಾಣದಲ್ಲಿ ಇಳಿದರೆ ಪ್ಲಾಟ್‌ಫಾರ್ಮ್ ಎಷ್ಟು ಕಿರಿದೆಂದರೆ ಬೆನ್ನು ಗೋಡೆಗೆ ತಾಗುತ್ತದೆ. ದಪ್ಪ ಕಂಬಗಳ ನಡುವಿನ ಕಂಡಿಗಳಲ್ಲಿ ಜನ ಸರಿದಾಡುತ್ತಾರೆ. ವಿದ್ಯಾರ್ಥಿಗಳು ನಡೆದು ಹೋಗಲಿ, ಇಲ್ಲಿ ನಿಲ್ದಾಣ ಬೇಡವೆಂದು ಎಲೆನಾ ಹೇಳಿದರಂತೆ. ಎಂಜಿನಿಯರುಗಳು ಗುಟ್ಟಾಗಿ ಜಾಗ ಬಿಟ್ಟುಕೊಂಡು ಸುರಂಗ ಕಟ್ಟಿದರಂತೆ, ಆಮೇಲೆ ಒಪ್ಪಿಗೆ ಸಿಕ್ಕಾಗ ಗೋಡೆ ಕೊರೆದು 1988ರಲ್ಲಿ ತೆರೆದರಂತೆ.

ನಾನಿಲ್ಲಿ 'ಅಂತೆ' ಹಾಕಿದ್ದಕ್ಕೆ ಕಾರಣವಿದೆ. ಒಳ್ಳೆಯ ಗೈಡ್ ಮೂರು ಬಗೆಯ ಮಾತನ್ನು ಬೇರೆ ಬೇರೆಯಾಗಿಡುತ್ತಾರೆ: ಕಂಡದ್ದು, ಕೇಳಿದ್ದು, ಕಡತದಲ್ಲಿರುವುದು. ಹಾಲಿನ ಸಾಲು ಕಂಡದ್ದು. ಎಲೆನಾ ಮಾತು ಕೇಳಿದ್ದು. 770ನೇ ಆಜ್ಞೆ ಕಡತದಲ್ಲಿರುವುದು. ಗುಪ್ತ ಪೊಲೀಸ್ ಪಡೆ ಸೆಕುರಿತಾತೆ ಇಟ್ಟಿದ್ದ ಕಡತಗಳನ್ನು ನೋಡಲು 1999ರ ಕಾನೂನು ನಾಗರಿಕರಿಗೆ ಅವಕಾಶ ಕೊಟ್ಟಿದೆ. ತಮ್ಮ ಮನೆಯವರ ಕಡತ ಓದಿದ ಗೈಡ್‌ಗಳೂ ಇದ್ದಾರೆ. ಬುಕ್ ಮಾಡುವಾಗಲೇ ಗೈಡ್ ವಯಸ್ಸನ್ನು ವಿಚಾರಿಸುವುದು ಮರ್ಯಾದೆಗೇಡೇನಲ್ಲ. 1975ಕ್ಕಿಂತ ಮೊದಲು ಹುಟ್ಟಿದವರಾದರೆ ನೆನಪು ಸ್ವಂತದ್ದಾಗಿರುತ್ತದೆ. ಎಳೆಯರಾದರೆ ಓದು ಹೆಚ್ಚಿರಬಹುದು, ಅಮ್ಮ ಅಜ್ಜಿಯ ಕತೆ ಇರಬಹುದು. ಅದಕ್ಕೂ ಬೆಲೆ ಇದೆ, ಆದರೆ ಯಾವುದು ಯಾವುದೆಂದು ಕೇಳಿಕೊಳ್ಳಿ. ಅರ್ಧ ದಿನದಲ್ಲಿ ಎಲ್ಲ ತೋರಿಸುತ್ತೇವೆ ಎನ್ನುವವರಿಗಿಂತ ಆರೇಳು ಗಂಟೆ ಕೇಳುವವರು ಮೇಲು. ಹಳೆಯ ದಾಚಿಯಾ 1300 ಕಾರಿನಲ್ಲಿ ಸುತ್ತಿಸುವವರಿದ್ದಾರೆ. ಮಜವಾಗಿರುತ್ತದೆ, ಆದರೆ ಚರ್ಚಿನ ಸಂದಿಗಳಿಗೆ ಕಾರು ಹೋಗುವುದಿಲ್ಲ, ಹಾಗಾಗಿ ಕಾಲಿಗೆ ಒಳ್ಳೆಯ ಬೂಟಿರಲಿ.

ಈ ಊರಿನ ಹೆಸರು ಕರ್ನಾಟಕದ ಹಲವು ಮನೆಗಳಲ್ಲಿ 2022ರ ಫೆಬ್ರುವರಿ ಕೊನೆಯಲ್ಲಿ ಆತಂಕದಿಂದ ಕೇಳಿಬಂದಿತ್ತು. ಯುದ್ಧ ಶುರುವಾದ ಉಕ್ರೇನಿನಿಂದ ಗಡಿ ದಾಟಿದ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಅನೇಕರು ವಿಮಾನ ಹತ್ತಿದ್ದು ಬುಕಾರೆಸ್ಟಿನಲ್ಲಿ. ಗಡಿಯಲ್ಲಿ ರೊಮೇನಿಯಾದ ಸಾಮಾನ್ಯ ಜನ ಅವರಿಗೆ ಬಿಸಿ ಊಟ, ಕಂಬಳಿ ಕೊಟ್ಟಿದ್ದರು. ನಾನು ಅದನ್ನು ಹೇಳಿದಾಗ ನನ್ನ ಗೈಡ್, ಸಾಲಿನಲ್ಲಿ ನಿಂತವರ ಚಳಿ ನಮಗೆ ಗೊತ್ತು ಎಂದರು.

ಸಂಜೆ ಕೊನೆಗೆ ಅವರು ನನ್ನನ್ನು ಕರೆದೊಯ್ದದ್ದು ದಕ್ಷಿಣದ ವಕರೆಷ್ಟಿಗೆ. 18ನೇ ಶತಮಾನದ ದೊಡ್ಡ ಮಠವೊಂದು ಅಲ್ಲಿತ್ತು, 80ರ ದಶಕದಲ್ಲಿ ಕೆಡವಿದರು. ಹತ್ತಿರದಲ್ಲೇ ಮನೆಗಳನ್ನು ಖಾಲಿ ಮಾಡಿಸಿ, ಕಾಂಕ್ರೀಟಿನ ಏರಿ ಕಟ್ಟಿ ದೊಡ್ಡ ಕೆರೆ ಮಾಡಹೊರಟರು. ಅಷ್ಟರಲ್ಲಿ 1989 ಬಂತು. ಕೆರೆ ತುಂಬಲಿಲ್ಲ, ಕೆಲಸ ನಿಂತಿತು. ತಳದಲ್ಲಿ ತಾನಾಗಿ ನೀರು ಜಿನುಗಿತು, ಜೊಂಡು ಬೆಳೆಯಿತು, ಹಕ್ಕಿಗಳು ಬಂದವು, ನೀರುನಾಯಿಗಳೂ ಬಂದವು. 2016ರಲ್ಲಿ ಸರ್ಕಾರ ಆ 180ಕ್ಕೂ ಹೆಚ್ಚು ಹೆಕ್ಟೇರನ್ನು ಪ್ರಕೃತಿ ಉದ್ಯಾನವೆಂದು ಘೋಷಿಸಿತು. ಏರಿಯ ಮೇಲೆ ನಿಂತರೆ ಒಂದು ಕಡೆ ಬ್ಲಾಕುಗಳ ಸಾಲು, ಇನ್ನೊಂದು ಕಡೆ ಕೆಳಗೆ ಹಸಿರು. ಕಾಂಕ್ರೀಟಿನ ಬಿರುಕಿನಲ್ಲೊಂದು ಕಾಡು ಗುಲಾಬಿ ಗಿಡ. ಅವರು ಮಠವಿದ್ದ ದಿಕ್ಕನ್ನು ಕೈಯಿಂದ ತೋರಿಸಿದರು. ಆಮೇಲೆ ಬ್ಯಾಗಿನಿಂದ ಸಣ್ಣ ದುರ್ಬೀನು ತೆಗೆದು ನನ್ನ ಕೈಗಿಟ್ಟು, ಎಡಗಡೆ ಜೊಂಡಿನ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಬೂದು ಬಕದತ್ತ ಬೆರಳು ಮಾಡಿದರು.